ಇಪ್ಪತ್ತಾರಕ್ಕೆ ನಿಂತ ಸಮುದ್ರ

ಮಾರ್ಚ್ 3, ಸೋಮವಾರ, ಬೆಳಿಗ್ಗೆ 10

ಮತ್ತೆ ಅದೇ ಕಥೆ. ಫೈಲು ತೆರೆದರೆ ಟಕ್ ಎಂದು ಮುಗಿಯುತ್ತದೆ. ಹನ್ನೊಂದು ತಿಂಗಳು ಸಮುದ್ರದ ತಳದಲ್ಲಿ ಕೂತು ಸದ್ದು ಹಿಡಿದ ರೆಕಾರ್ಡರ್. ದಿನಕ್ಕೊಂದು ಫೈಲು. ಯಾವುದರಲ್ಲೂ ಅರ್ಧ ಸೆಕೆಂಡಿನ ಸದ್ದೂ ಇಲ್ಲ.

"ನೀರು ನುಗ್ಗಿದೆ. ಸೀಲ್ ನೆಟ್ಟಗೆ ಹಾಕಿಲ್ಲ ಅವನು," ಅಂದರು ನಮ್ಮ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ. ಅವನು ಎಂದರೆ ಅದನ್ನು ತಳದಲ್ಲಿಟ್ಟು ಬಂದ ಡೈವರಣ್ಣ. ಬಾಗಿಲಲ್ಲೇ ನಿಂತಿದ್ದ.

"ಮೂರು ಸಲ ಬಿಗಿ ಮಾಡಿದೀನಿ ಮೇಡಂ."

ಶುಕ್ರವಾರ ಅವನದೇ ತಪ್ಪೆಂದು ವರದಿ ಹೋಗುತ್ತದೆ. ಜೊತೆಗೆ ಅವನ ಕೆಲಸವೂ.

ಈ ಫೈಲುಗಳನ್ನು ಓದುವ ಪ್ರೋಗ್ರಾಂ ನಾನೇ ಬರೆದದ್ದು. ಆರು ವರ್ಷದಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ... ಹಳೇ ಕಂಪ್ಯೂಟರಿನಲ್ಲಿ.

ಮಾರ್ಚ್ 6, ಗುರುವಾರ, ಮಧ್ಯಾಹ್ನ 2

ಊಟಕ್ಕೆ ಮನೆಗೆ ಬಂದು ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದೆ. "ಏನಮ್ಮ ಬರೀತಿದೀಯಾ ತಟ್ಟೇಲಿ?" ಎಂದರು ಅತ್ತೆ. ನೋಡಿದರೆ 26, ಮೂರು ದಿನದಿಂದ ಫೈಲುಗಳಲ್ಲಿ ಕಾಡುತ್ತಿದ್ದ ಅಂಕಿ.

ಫೈಲುಗಳ ಗಾತ್ರ ಪೂರ್ತಿ ಇದೆ. ಆದರೂ ಪ್ರತಿಯೊಂದೂ ನಿಲ್ಲುವುದು ಒಂದೇ ಅಂಕಿಗೆ — ಫೈಲಿನ ಅಂಕಿಗಳ ಸಾಲಿನಲ್ಲಿ 26 ಎಂಬ ಬೈಟು ಎದುರಾದಾಗ. ಫೈಲನ್ನು ನಾನು ತೆರೆದಿದ್ದು ಟೆಕ್ಸ್ಟ್ ಮೋಡಿನಲ್ಲಿ, ಪತ್ರ ಓದುವ ಹಾಗೆ. ಪತ್ರದಲ್ಲಿ 26 ಬಂದರೆ 'ಇಲ್ಲಿಗೆ ಮುಗಿಯಿತು' ಎಂದರ್ಥ ಈ ಹೊಸ ಕಂಪ್ಯೂಟರಿಗೆ. ಹಳೆಯದಕ್ಕೆ ಆ ಭೇದವೇ ಇರಲಿಲ್ಲ. ಸಮುದ್ರ ಪತ್ರ ಬರೆಯುವುದಿಲ್ಲ. ಅದರ ಸದ್ದಿನಲ್ಲಿ 26 ಬರೀ ಒಂದು ಅಂಕಿ.

ತಪ್ಪು ನನ್ನದು. ಫೈಲು ತೆರೆಯುವ ಆಜ್ಞೆಯಲ್ಲಿ r ಪಕ್ಕ ಒಂದು b ಸೇರಿಸಬೇಕು. ಬೈನರಿ. ಬೈಟುಗಳನ್ನು ಇದ್ದ ಹಾಗೇ ಓದು, ಅರ್ಥ ಹುಡುಕಬೇಡ.

ಅದೇ ದಿನ, ಸಂಜೆ 4

ಮೇಡಂಗೆ ಹೇಳಿದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, "ಅವನನ್ನ ಕರೀರಿ."

ಮೂವರೂ ಸ್ಪೀಕರಿನ ಮುಂದೆ. ಮೊದಲ ಫೈಲು. ಗುಳುಗುಳು ಗುಳ್ಳೆಗಳು, ಉಸಿರು, ಲೋಹದ ಮೇಲೆ ಲೋಹ ಬಿಗಿಯುವ ಸದ್ದು. ಒಂದು. ಎರಡು. ಮೂರು.

"ನಾನೇ ಅದು," ಅಂದ ಡೈವರಣ್ಣ, ಮೆಲ್ಲಗೆ.

"ತಪ್ಪಾಯ್ತಪ್ಪ ನನ್ನಿಂದ," ಅಂದರು ಮೇಡಂ. ನನ್ನಿಂದಲೂ, ಅಂದೆ. ಅವನು ತಲೆಯಾಡಿಸಿದ. ಕಣ್ಣು ಸ್ಪೀಕರಿನ ಮೇಲೇ.

ಮಾರ್ಚ್ 7, ಶುಕ್ರವಾರ, ಬೆಳಿಗ್ಗೆ 11

ವರದಿ ಹೋಗಲಿಲ್ಲ. ಬೆಳಿಗ್ಗೆಯಿಂದ ಅಲ್ಲಲ್ಲಿ ಹೆಕ್ಕಿ ಕೇಳುತ್ತಿದ್ದೇವೆ. ಹಡಗು ಹಾದುಹೋಯಿತು. ಎಲ್ಲೋ ಬಿರುಗಾಳಿ. ನೂರಾ ನಲವತ್ತನೆಯ ಫೈಲಿನಲ್ಲಿ ತಿಮಿಂಗಿಲ — ಒಂದೇ ಉದ್ದ ಸ್ವರ, ಮೇಜು ನಡುಗುವಷ್ಟು ತಗ್ಗು. ಇಷ್ಟು ದೊಡ್ಡದು ನಾನು ಬಿಟ್ಟ ಒಂದು ಅಕ್ಷರದ ಹಿಂದೆ ಕಾದಿತ್ತು.

ಈಗ ಮೌನ. ಡೈವರಣ್ಣ ಕೈ ಎತ್ತಿದ್ದಾನೆ, ಸದ್ದು ಮಾಡಬೇಡಿ ಎಂದು. ತುಂಬ ದೂರದಿಂದ ಇನ್ನೊಂದು ತಿಮಿಂಗಿಲ, ಉತ್ತರ ಕೊಡುತ್ತಿ—