ಗುಡ್ ಫ್ರೈಡೇ ಸೂಜಿ

ಬ್ಯಾಲಿನಸ್ಲೋ, ಐರ್ಲೆಂಡ್
ಏಪ್ರಿಲ್ 11, 1997

ಪ್ರೀತಿಯ ಡಿಲಿಯಾ ಅಕ್ಕನಿಗೆ,

ನನ್ನ ಅಕ್ಷರ ನೋಡಿ ನಗಬೇಡ. ಕೋಳಿ ಕೆದರಿದ ಹಾಗಿದೆ, ತಪ್ಪುಗಳೂ ಇರುತ್ತವೆ. ಪ್ರೈಮರಿ ಮುಗಿದ ಮೇಲೆ ನಾನು ಪೆನ್ನು ಹಿಡಿದದ್ದೇ ಕಡಿಮೆ. ಈಸ್ಟರ್‌ಗೇ ಬರೆಯಬೇಕಿತ್ತು. ಆದರೆ ಆಗ ನಮ್ಮ ಟ್ರೇಲರಿನಲ್ಲಿ ನಡೆದ ಯುದ್ಧದ ಸುಸ್ತು ಈಗಷ್ಟೇ ಇಳಿದಿದೆ. ಮ್ಯಾಂಚೆಸ್ಟರ್‌ನಲ್ಲಿ ನೀನು, ಭಾವ, ಹೊಟ್ಟೆಯಲ್ಲಿರುವ ಕೂಸು ಎಲ್ಲರೂ ಕ್ಷೇಮ ತಾನೆ?

ನಮ್ಮ ಮಗು ಮೈಲಿ ಎರಡು ವರ್ಷದವನಾದ. ರೋಗ ತಡೆಯಲು ಬೇಕಾದ ಒಂದು ಕಿಣ್ವ ಅವನ ಮೈಯಲ್ಲಿ ಹುಟ್ಟಿನಿಂದಲೇ ಇಲ್ಲವಲ್ಲ, ಅದನ್ನು ಹಸುವಿನಿಂದ ತೆಗೆದು ವಾರಕ್ಕೊಮ್ಮೆ ಅವನ ತೊಡೆಗೆ ಚುಚ್ಚುತ್ತಾರೆ. ತಪ್ಪಿದರೆ ನೆಗಡಿಯೂ ಅವನ ಪಾಲಿಗೆ ಹುಲಿ. ನರ್ಸ್ ಅಟ್ರಾಕ್ಟಾ ಬರುವುದು ಶುಕ್ರವಾರ. "ಕುದುರೆಯಿಂದ ತೆಗೆದಿದ್ರೆ ಹುಡುಗ ರೇಸ್ ಗೆಲ್ತಿದ್ದ. ಹಸುವಂತೆ, ಹಸು!" ಎಂದು ಮಾವ ವಾರವಾರವೂ ಗೊಣಗುತ್ತಾರೆ.

ಗುಡ್ ಫ್ರೈಡೇ ದಿನ ನರ್ಸ್ ಬಂದರು. ಫ್ರಿಜ್ ತೆರೆದೆ. ಔಷಧಿಯ ಬಾಟಲಿ ಇಲ್ಲ! ವಿನ್ನಿ ಅತ್ತೆ ಏಪ್ರನ್ನಿನ ಜೇಬು ಹಿಡಿದುಕೊಂಡು ಕೂತಿದ್ದರು.

"ಇವತ್ತು ಮೀನು ಬಿಟ್ಟು ಬೇರೆ ಮಾಂಸ ಮುಟ್ಟೋ ಹಾಗಿಲ್ಲ," ಎಂದರು.

"ವಿನ್ನಿಯಮ್ಮ, ಅದು ಔಷಧಿ," ಎಂದರು ನರ್ಸ್.

"ಎಲ್ಲಿಂದ ಬಂತು?"

"ಹಸುವಿನಿಂದ."

"ಮತ್ತೆ? ಹಸು ಏನು ಮೀನಾ?"

"ನಿಮ್ಮ ಜೇಬಿನ ಬಿಸಿಗೆ ಕೆಟ್ಟುಹೋಗತ್ತೆ! ಹಬ್ಬ ಮುಗಿಯೋ ತನಕ ಬೇರೆ ಬಾಟಲಿ ಸಿಗಲ್ಲ. ಪಕ್ಕದ ಟ್ರೇಲರ್ ಮಕ್ಕಳಿಗೆಲ್ಲ ಕೆಮ್ಮು ಬೇರೆ."

"ನಾಳೆ ಸ್ವರ್ಗದ ಬಾಗಿಲಲ್ಲಿ ಕೇಳಿದ್ರೆ ನೀನು ಬಂದು ಉತ್ತರ ಹೇಳ್ತೀಯೇನೇ?"

ಕೊನೆಗೆ ಫಾದರ್ ಹೇಳಿದಂತೆ ಕೇಳುವುದೆಂದು ರಾಜಿಯಾಯಿತು. ಬಾಟಲಿ ಫ್ರಿಜ್ಜಿಗೆ ಹೋಯಿತು, ಮಾವ ವ್ಯಾನ್ ತೆಗೆದುಕೊಂಡು ಚರ್ಚಿಗೆ ಹೋದರು. ಗುಡ್ ಫ್ರೈಡೇ ಪ್ರಾರ್ಥನೆಗೆ ಸಿದ್ಧವಾಗುತ್ತಿದ್ದ ಫಾದರ್ ಕಾರ್ಮಕ್ ನಿಲುವಂಗಿಯಲ್ಲೇ ಬಂದಿಳಿದರು.

"ವಿನ್ನಿ, ಪಥ್ಯ ಬಾಯಿಗೆ, ತೊಡೆಗಲ್ಲ. ಎರಡು ವರ್ಷದ ಕೂಸಿಗಂತೂ ಅಲ್ವೇ ಅಲ್ಲ."

"ಹಾಗಿದ್ರೆ ಬಾಟಲಿಗೆ ತೀರ್ಥ ಹಾಕಿ ಫಾದರ್."

ಫಾದರ್ ತೀರ್ಥ ಚಿಮುಕಿಸಿದರು. ನರ್ಸ್ ಬಾಟಲಿಯ ಬಾಯನ್ನು ಸ್ಪಿರಿಟ್ಟಿನಲ್ಲಿ ಒರೆಸಿದರು. "ದೇವರ ನೀರನ್ನೇ ಒರೆಸ್ತಾಳೆ, ನೋಡಿ!" ಎಂದು ಅತ್ತೆ ಎದೆ ಬಡಿದುಕೊಳ್ಳುವಷ್ಟರಲ್ಲಿ ಸೂಜಿ ಒಳಗಿತ್ತು. ಮೈಲಿ ಅರಚಿದ. "ಕೇಳಿದ್ರಾ? ಅಂಬಾ ಅಂತಾನೆ!" ಎಂದರು ಮಾವ.

ಮೊಮ್ಮಗನ ಪರವಾಗಿ ಪ್ರಾಯಶ್ಚಿತ್ತವೆಂದು ಅತ್ತೆ ಭಾನುವಾರದವರೆಗೆ ಚಹಾ ಬಿಟ್ಟರು. ನಿಜವಾದ ಪ್ರಾಯಶ್ಚಿತ್ತ ಅವರ ಜೊತೆಗಿದ್ದ ನಮಗಾಯಿತು.

ಮಾತೆ ಮರಿಯ ನಿಮ್ಮ ಮೂವರನ್ನೂ ತನ್ನ ಸೆರಗಿನ ಮರೆಯಲ್ಲಿ ಕಾಯಲಿ.

ನಿನ್ನ ತಂಗಿ,
ನೋನಿ

ತಾ.ಕ.: ಅಕ್ಕಾ, ಈ ಮಾತು ಬರೆಯಲು ಧೈರ್ಯ ಬರದೆ ಇಷ್ಟೆಲ್ಲ ಹರಟಿದೆ. ನಾವಿಬ್ಬರೂ ಸೋದರತ್ತೆ ವಿನ್ನಿಯ ಮಕ್ಕಳನ್ನೇ ಮದುವೆಯಾದವರು. ನಮ್ಮ ರಕ್ತವೂ ಒಂದೇ, ಅವರ ರಕ್ತವೂ ಒಂದೇ. ನನ್ನ ಮೊದಲ ಕೂಸು ನೋರಾಳನ್ನು ಕೊಂಡೊಯ್ದದ್ದೂ ಇದೇ ಕಾಯಿಲೆ ಎಂದು ಮೈಲಿ ಹುಟ್ಟಿದ ಮೇಲೆ ತಿಳಿಯಿತು. ಬರೀ ನೆಗಡಿ ಎಂದುಕೊಂಡು ಅವಳ ಎದೆಗೆ ಬಾತಿನ ಕೊಬ್ಬು ತಿಕ್ಕಿದೆವು. ನೀನೇ ತೊಟ್ಟಿಲು ತೂಗುತ್ತಿದ್ದೆ, ನೆನಪಿದೆಯಾ? ನಿನ್ನ ಕೂಸು ಹುಟ್ಟಿದ ದಿನವೇ ರಕ್ತ ಪರೀಕ್ಷೆ ಮಾಡಿಸು. ಕೋಪಿಸಿಕೊಳ್ಳಬೇಡ.

ಇವತ್ತು ಬೆಳಿಗ್ಗೆ ಫ್ರಿಜ್ಜಿನಲ್ಲಿ ಹಾಲು ಸರಿಸಿ ಮೈಲಿಯ ಬಾಟಲಿಯ ಪಕ್ಕ ನಿನ್ನ ಕೂಸಿನ ಹೆಸರಲ್ಲಿ ಇನ್ನೊಂದಕ್ಕೆ ಜಾಗ ಮಾಡಿದೆ. ಅದು ಖಾಲಿಯೇ ಉಳಿಯಲಿ. ಅತ್ತೆ ನೋಡಿದರು. ತಮ್ಮ ಬೆಣ್ಣೆಯನ್ನೂ ತೆಗೆದು ಹೊರಗಿಟ್ಟರು.