ಪಕ್ಕದ ಸೀಟಿನ ಬ್ರೇಕು

ಇವಳೇ,

ನಿನ್ನ ಸೀಟಿನ ಮಾತು ಮೊದಲು ತೆಗೆದವನು ಮೆಕ್ಯಾನಿಕ್, ನಿನ್ನೆ ಸಂಜೆ. ನೀನು ತೀರಿಹೋದ ಮೇಲೆ ಕಾರು ತೋರಿಸಿದ್ದು ಇದೇ ಮೊದಲು.

"ಇಂಜಿನ್ ಬೆಲ್ಟ್ ಇನ್ನೂ ಚೆನ್ನಾಗೇ ಇದೆ ಸಾರ್. ಆದ್ರೆ ವಯಸ್ಸಾಯ್ತು. ಓಡೋವಾಗ ಕಟ್ ಆದ್ರೆ ಇಂಜಿನ್ನೇ ಹೋಗುತ್ತೆ. ಈಗ್ಲೇ ಬದಲಾಯಿಸಿಬಿಡಿ" ಎಂದ.

"ಮುದಿ ಗಾಡಿಗೆ ಯಾಕಪ್ಪಾ ದುಡ್ಡು ಸುರೀತೀಯ? ಮಾರಿಬಿಡೋಣ" ಎಂದಳು ಮಗಳು. ನಾನೂ ಹೂಂ ಎನ್ನುವವನಿದ್ದೆ.

ಅಷ್ಟರಲ್ಲಿ ಅವನು ಪಕ್ಕದ ಸೀಟಿನ ಕಡೆ ಬಗ್ಗಿ ನೋಡಿ, "ಇಲ್ಲಿ ಬ್ರೇಕೇ ಇಲ್ಲ, ಮ್ಯಾಟ್ ಯಾಕೆ ಹೀಗೆ ತೂತು ಬಿದ್ದಿದೆ?" ಎಂದ.

"ಅಮ್ಮ ದಾರಿ ಪೂರ್ತಿ ಅಲ್ಲಿಂದಾನೇ ಬ್ರೇಕ್ ಒತ್ತೋಳು. ಅಪ್ಪಂಗಿಂತ ಅವಳೇ ಜಾಸ್ತಿ ಓಡಿಸಿದಾಳೆ" ಎಂದು ಮಗಳು ನಕ್ಕಳು. ಅವನೂ ನಕ್ಕ. ನನಗೆ ಆ ತೂತಿನಿಂದ ಕಣ್ಣು ಕೀಳಲಾಗಲಿಲ್ಲ.

ಅಷ್ಟು ಹೆದರುತ್ತಿದ್ದೆಯೇನೇ? ಹಾಗಿದ್ದೂ ನನ್ನ ಜೊತೆ ಬರಲ್ಲ ಎಂದು ಒಂದು ದಿನವೂ ಅನ್ನಲಿಲ್ಲವಲ್ಲ.

ಇವತ್ತು ಬೆಳಿಗ್ಗೆ ಮಗಳು ಓಡಿಸಿದಳು, ನಾನು ನಿನ್ನ ಸೀಟಿನಲ್ಲಿ ಕುಳಿತೆ. ತಿರುವು ಬಂದಾಗಲೆಲ್ಲ ನನ್ನ ಕಾಲು ತಾನಾಗಿಯೇ ಒತ್ತುತ್ತಿತ್ತು. ಅವಳು ನೋಡಿದಳು. ತಮಾಷೆ ಮಾಡಲಿಲ್ಲ, ವೇಗ ಇಳಿಸಿದಳು.

ಗ್ಯಾರೇಜಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅವಳೇ ಹೇಳಿದಳು: "ಬೆಲ್ಟ್ ಹಾಕಿಬಿಡಿ ಅಣ್ಣಾ. ಗಾಡಿ ನಾವೇ ಇಟ್ಕೋತೀವಿ."