ಬಲೆ ಹೊಲಿಯೋಳ ಸಿನಿಮಾ

ಅಮ್ಮಾ,

ನಿನ್ನೆ ಚರ್ಚಿನ ಗೋಡೆ ಮೇಲೆ ತೋರಿಸಿದ ಸಿನಿಮಾದಲ್ಲಿ ಏನೂ ಆಗಲ್ಲ ಅಂತ ಮಾತ್ರ ಹೇಳ್ಬೇಡ. ಅರ್ಧ ಗಂಟೆ ಒಬ್ಬಳು ದಡದಲ್ಲಿ ಕೂತು ಬಲೆ ಹೊಲೀತಾಳೆ, ನಿಜ. "ಇದನ್ನ ನೋಡೋಕೆ ಇಲ್ಲೀತನಕ ಬರ್ಬೇಕಾ, ದಿನಾ ಮನೇಲಿ ಮಾಡೋದೇ ಇದು" ಅಂತ ಮಿರ್ಸಿನಿ ಅತ್ತೆ ತನ್ನ ಕುರ್ಚಿ ಎತ್ಕೊಂಡು ಹೊರಟ್ಳು. ಅವಳ ಹಿಂದೆ ನೀನು, ನಿಮ್ಮ ಹಿಂದೆ ಇಡೀ ಬೀದಿ. ನಾನೂ ಕುರ್ಚಿ ಎತ್ತಿದ್ದೆ. ಕಾಫಿ ಆರೋವರೆಗೂ ಕೂರೋನಲ್ಲ ನಾನು, ನಿಂಗೇ ಗೊತ್ತು.

ಅಷ್ಟರಲ್ಲಿ ಸಿನಿಮಾದ ಸಮುದ್ರದ ತುದೀಲಿ ಒಂದು ಚುಕ್ಕೆ ಕಾಣಿಸ್ತು. ಬಲೆ ಹೊಲಿಯೋಳ ಕೈ ನಿಂತ್ಹೋಯ್ತು. ಆ ಚುಕ್ಕೆ ದೋಣಿ ಆಗೋವರೆಗೂ ನಾನು ಕುರ್ಚಿ ಹಿಡ್ಕೊಂಡೇ ನಿಂತಿದ್ದೆ ಅಮ್ಮಾ. ಅವಳ ಜೊತೆ ಅಷ್ಟು ಹೊತ್ತು ಕಾಯದಿದ್ರೆ ನಂಗದು ಬರೀ ದೋಣಿ ಆಗಿರ್ತಿತ್ತು. ಅಪ್ಪ ಹಡಗಿಗೆ ಹೋದಾಗೆಲ್ಲ ನೀನು ಕಿಟಕಿ ಹತ್ರ ಯಾಕೆ ಕೂರ್ತೀಯ ಅಂತ ನಿನ್ನೆ ಗೊತ್ತಾಯ್ತು.

ದೋಣೀಲಿ ಯಾರು ಬಂದ್ರು ಅಂತ ಹೇಳಲ್ಲ. ಇವತ್ತೇ ಕಡೇ ಆಟ. ಮೆಲ್ಲೋಕೆ ಹುರಿದ ಕುಂಬಳಬೀಜ ನನ್ನ ಜೇಬಲ್ಲಿದೆ, ನೀನು ಶಾಲು ಹೊದ್ಕೊಂಡು ಬಾ. ಮನೇಲಿರೋ ಎರಡು ಕುರ್ಚೀನೂ ಹೊತ್ಕೊಂಡು ಹೋಗ್ತಿದೀನಿ, ಕೂತ್ಕೋಬೇಕು ಅಂದ್ರೆ ಅಲ್ಲಿಗೇ ಬರ್ಬೇಕು. ಈ ಕಾಗದ ಮೇಜಿನ ಮೇಲಿಟ್ಟು, ಬಾಗಿಲು ಎಳ್ಕೊಂಡು ಹೊರಟೆ.

ನಿನ್ನ ಮಗ,
ಸ್ತ್ರಾತಿಸ್